ಆಟಕ್ಕಿಂತ ಮೊದಲೇ ಬಂದ ಹೆಸರು: ತಾಕೆಫುಸಾ ಕುಬೊ ಪ್ರಕರಣ

2016ರ ನವೆಂಬರ್ 5ರಂದು ಎಫ್‌ಸಿ ಟೋಕಿಯೊದ 23 ವರ್ಷದೊಳಗಿನವರ ತಂಡ ನಾಗಾನೊ ಪಾರ್ಸೇರೊ ಎದುರು ಆಡಿತು. ಅದು ಜೆ3, ಅಂದರೆ ಜಪಾನಿನ ವೃತ್ತಿಪರ ಫುಟ್‌ಬಾಲಿನ ಮೂರನೇ ದರ್ಜೆಯ ಲೀಗು. ಅಂಥ ಪಂದ್ಯದ ಫಲಿತಾಂಶ ಪತ್ರಿಕೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬಂದು ಹೋಗುವಂಥದ್ದು. ಅವತ್ತು ಮಾತ್ರ ಬದಲಿಯಾಗಿ ಇಳಿದ ಒಬ್ಬ ಹುಡುಗನಿಗಾಗಿ ಕ್ಯಾಮೆರಾಗಳು ಸಾಲುಗಟ್ಟಿದ್ದವು. ಅವನ ವಯಸ್ಸು 15 ವರ್ಷ, 5 ತಿಂಗಳು, 1 ದಿನ. ಜೆ ಲೀಗಿನ ಯಾವ ದರ್ಜೆಯಲ್ಲೂ ಅಲ್ಲಿಯವರೆಗೆ ಅಷ್ಟು ಚಿಕ್ಕವರು ಆಡಿರಲಿಲ್ಲ. ಹುಡುಗನ ಹೆಸರು ತಾಕೆಫುಸಾ ಕುಬೊ.

ಇಲ್ಲಿ ಬಿಡಿಸಿ ನೋಡಲು ಹೊರಟಿರುವುದು ಅವರ ಜನಪ್ರಿಯತೆಯನ್ನು. ಅದು ಯಾವಾಗ ಬಂತು, ಎಲ್ಲಿಂದ ಬಂತು, ಯಾರ ಪಕ್ಕದಲ್ಲಿಟ್ಟರೆ ದೊಡ್ಡದು, ಯಾರ ಪಕ್ಕದಲ್ಲಿಟ್ಟರೆ ಚಿಕ್ಕದು, ಅದರಿಂದ ಆಟಗಾರನಿಗೆ ಒಳ್ಳೆಯದಾಯಿತೇ ಎಂಬ ಪ್ರಶ್ನೆಗಳು. ಆಟಗಾರನೊಬ್ಬ ತುಂಬಾ ಜನಪ್ರಿಯ ಎಂದು ಹೇಳಿ ನಾವು ಮುಗಿಸಿಬಿಡುತ್ತೇವೆ. ಕುಬೊ ವಿಷಯದಲ್ಲಿ ಅಷ್ಟು ಸಾಲದು. ಟೋಕಿಯೊದಲ್ಲಿ ಅವರಿಗಿದ್ದ ಹೆಸರು ಒಂದು ಬಗೆಯದು, ಮ್ಯಾಡ್ರಿಡ್‌ನಲ್ಲಿದ್ದದ್ದು ಇನ್ನೊಂದು ಬಗೆಯದು, ಸ್ಪೇನಿನ ಉತ್ತರ ತೀರದ ಸಾನ್ ಸೆಬಾಸ್ಟಿಯನ್ ಊರಿನಲ್ಲಿ ಸಿಕ್ಕಿದ್ದು ಬೇರೆಯೇ. ಈ ಮೂರರಲ್ಲಿ ಕೊನೆಯದೊಂದನ್ನೇ ಅವರು ಅಂಗಳದಲ್ಲಿ ದುಡಿದು ಗಳಿಸಿದ್ದು ಎಂಬುದು ನನ್ನ ನಂಬಿಕೆ. ಉಳಿದ ಎರಡನ್ನೂ ಬೇರೆಯವರು ಅವರ ಹೆಗಲ ಮೇಲೆ ಹೊರಿಸಿದರು.

ಹತ್ತನೇ ವಯಸ್ಸಿಗೆ ಬಾರ್ಸಿಲೋನಾ

ಕುಬೊ ಹುಟ್ಟಿದ್ದು 2001ರ ಜೂನ್ 4ರಂದು, ಟೋಕಿಯೊಗೆ ಅಂಟಿಕೊಂಡಿರುವ ಕವಾಸಾಕಿ ನಗರದಲ್ಲಿ. ಊರಿನ ಕ್ಲಬ್ಬಾದ ಕವಾಸಾಕಿ ಫ್ರೊಂತಾಲೆಯ ಮಕ್ಕಳ ತಂಡದಲ್ಲಿದ್ದ ಹುಡುಗ 2011ರಲ್ಲಿ ಬಾರ್ಸಿಲೋನಾದ ಆಯ್ಕೆಯಲ್ಲಿ ತೇರ್ಗಡೆಯಾಗಿ ಲಾ ಮಾಸಿಯಾ ಅಕಾಡೆಮಿ ಸೇರಿದ. ಮೆಸ್ಸಿ, ಚಾವಿ, ಇನಿಯೆಸ್ಟಾ ಬೆಳೆದ ಅಕಾಡೆಮಿ ಅದು. ಆ ವರ್ಷ ಬಾರ್ಸಿಲೋನಾ ಯುರೋಪಿನ ಚಾಂಪಿಯನ್ ಕೂಡ ಆಗಿತ್ತು. ಜಪಾನಿನ ಪತ್ರಿಕೆಗಳಿಗೆ ಇದಕ್ಕಿಂತ ಸಿಹಿಯಾದ ಸುದ್ದಿ ಬೇಕಿರಲಿಲ್ಲ. ಒಂದು ಋತುವಿನಲ್ಲಿ 30 ಪಂದ್ಯಕ್ಕೆ 74 ಗೋಲು ಎಂಬ ಲೆಕ್ಕ ಮತ್ತೆ ಮತ್ತೆ ಅಚ್ಚಾಯಿತು. ‘ಜಪಾನಿನ ಮೆಸ್ಸಿ’ ಎಂಬ ಬಿರುದು ಅಂಟಿಕೊಂಡಿತು. ಆ ಬಿರುದು ಹೊತ್ತವನಿಗೆ ಆಗಿನ್ನೂ ಹನ್ನೆರಡು ತುಂಬಿರಲಿಲ್ಲ.

ಆಮೇಲೆ ಬಂದದ್ದು ಫಿಫಾದ ಕಾನೂನು. ಆಟಗಾರರ ವರ್ಗಾವಣೆ ನಿಯಮಾವಳಿಯ 19ನೇ ವಿಧಿಯ ಪ್ರಕಾರ 18 ತುಂಬದವರನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಸೇರಿಸಿಕೊಳ್ಳುವಂತಿಲ್ಲ. ವಿನಾಯಿತಿಗಳು ಕೆಲವೇ: ತಂದೆತಾಯಿ ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ವಲಸೆ ಬಂದಿರಬೇಕು, ಅಥವಾ ಗಡಿಯ ಆಚೀಚೆ ಹತ್ತಿರದಲ್ಲೇ ಮನೆ ಇರಬೇಕು, ಅಥವಾ ಯುರೋಪಿನ ಒಳಗಿನ ವರ್ಗಾವಣೆಯಾಗಿದ್ದು ವಯಸ್ಸು 16 ದಾಟಿರಬೇಕು. ಮಕ್ಕಳನ್ನು ದೂರದ ದೇಶಗಳಿಂದ ತಂದು, ಆಟ ಒಗ್ಗದಿದ್ದರೆ ಕೈಬಿಡುವ ದಂಧೆಯನ್ನು ತಡೆಯುವುದು ಈ ನಿಯಮದ ಉದ್ದೇಶ. ಉದ್ದೇಶವನ್ನು ನಾನು ಪೂರ್ತಿ ಒಪ್ಪುತ್ತೇನೆ. ಬಾರ್ಸಿಲೋನಾ ಇದನ್ನು ಮೀರಿದೆ ಎಂದು 2014ರಲ್ಲಿ ಫಿಫಾ ತೀರ್ಮಾನಿಸಿತು. ಕ್ರೀಡಾ ನ್ಯಾಯಮಂಡಳಿಯೂ ಅದನ್ನು ಎತ್ತಿಹಿಡಿಯಿತು. ಕ್ಲಬ್ಬಿಗೆ ಎರಡು ವರ್ಗಾವಣೆ ಅವಧಿಗಳ ನಿಷೇಧವಾಯಿತು. ಆದರೆ ಮಕ್ಕಳಿಗೆ ಆದದ್ದು ಹೆಚ್ಚು ಕಠಿಣ: ಅಭ್ಯಾಸ ಮಾಡಬಹುದು, ಅಧಿಕೃತ ಪಂದ್ಯ ಆಡುವಂತಿಲ್ಲ.

ಇದೇ ತೀರ್ಪಿನಡಿ ಬಂದವರಲ್ಲಿ ದಕ್ಷಿಣ ಕೊರಿಯಾದ ಹುಡುಗರೂ ಇದ್ದರು, ಲೀ ಸೆಯುಂಗ್-ವೂ ಮತ್ತು ಪೈಕ್ ಸೆಯುಂಗ್-ಹೊ. ಲೀ ಅವರಿಗೂ ಅವರ ದೇಶದಲ್ಲಿ ಮೆಸ್ಸಿಯ ಹೆಸರನ್ನೇ ಅಂಟಿಸಿದ್ದರು. ಆ ಹುಡುಗರು ಬಾರ್ಸಿಲೋನಾದಲ್ಲೇ ಉಳಿದು 18 ತುಂಬುವವರೆಗೆ ಕಾದರು. ಬೆಳೆಯುವ ವಯಸ್ಸಿನ ವರ್ಷಗಳು ಪಂದ್ಯಗಳಿಲ್ಲದೆ ಕಳೆದವು. ಕುಬೊ ಕಾಯಬೇಕಾಗಿದ್ದರೆ 2019ರ ಜೂನ್‌ವರೆಗೆ ಕಾಯಬೇಕಿತ್ತು, ನಾಲ್ಕು ವರ್ಷಕ್ಕೂ ಹೆಚ್ಚು. ಅವರು 2015ರಲ್ಲಿ ಜಪಾನಿಗೆ ಮರಳಿ ಎಫ್‌ಸಿ ಟೋಕಿಯೊದ ಕಿರಿಯರ ತಂಡ ಸೇರಿದರು. ಅವತ್ತು ಇದು ಹಿನ್ನಡೆಯಂತೆ ಕಂಡಿತು. ಇಡೀ ಪ್ರಕರಣದಲ್ಲಿ ಅತ್ಯಂತ ಸರಿಯಾದ ನಿರ್ಧಾರ ಇದೇ ಎಂದು ನನಗೆ ಅನ್ನಿಸುತ್ತದೆ. ಹದಿಹರೆಯದ ಆಟಗಾರನಿಗೆ ಹೆಸರಾಂತ ಅಕಾಡೆಮಿಯ ಹಾಸಿಗೆಗಿಂತ ವಾರಕ್ಕೊಂದು ನಿಜವಾದ ಪಂದ್ಯ ಮುಖ್ಯ.

ಜನರ ಕಣ್ಣಿಗೆ ಮಾತ್ರ ಅವರು ಬಾರ್ಸಿಲೋನಾ ಬಿಟ್ಟು ಬಂದ ಹುಡುಗ ಆಗಿರಲಿಲ್ಲ, ಬಾರ್ಸಿಲೋನಾಗೆ ವಾಪಸ್ ಹೋಗಲಿರುವ ಹುಡುಗ ಆಗಿದ್ದರು. ಜೆ3 ಪಂದ್ಯಕ್ಕೆ ಕ್ಯಾಮೆರಾಗಳು ಬಂದದ್ದು ಆ ಕಾರಣಕ್ಕೆ. 2017ರಲ್ಲಿ ಕೊರಿಯಾದಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವಕಪ್‌ಗೆ 15ರ ಕುಬೊ ಆಯ್ಕೆಯಾದಾಗ ಜಪಾನಿನ ತಂಡಕ್ಕೆ ಸಿಗಬೇಕಾದ ಸುದ್ದಿಯೆಲ್ಲ ಅವರೊಬ್ಬರಿಗೇ ಸಿಕ್ಕಿತು. ದಕ್ಷಿಣ ಆಫ್ರಿಕಾ ವಿರುದ್ಧ ಬದಲಿಯಾಗಿ ಬಂದು ಅವರು ಕೊಟ್ಟ ಪಾಸಿನಿಂದ ಗೆಲುವಿನ ಗೋಲು ಹೊಡೆದದ್ದು ರಿತ್ಸು ದೋಆನ್. ದೋಆನ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇದರ ಮುಂದಿನ ವರ್ಷ ಏನಾಯಿತೆಂಬುದು ಹೆಚ್ಚು ಮುಖ್ಯ, ಆದರೆ ಕಡಿಮೆ ಜನರಿಗೆ ಗೊತ್ತು. 2018ರಲ್ಲಿ ಎಫ್‌ಸಿ ಟೋಕಿಯೊದ ಹಿರಿಯರ ತಂಡದಲ್ಲಿ ಕುಬೊಗೆ ಜಾಗ ಸಿಗಲಿಲ್ಲ. ಕೋಚ್ ಕೆಂತಾ ಹಸೆಗಾವಾ ಚೆಂಡು ಕಳೆದುಕೊಂಡ ಮೇಲೆ ಓಡಿ ಹಿಂದಕ್ಕೆ ಬರುವವರನ್ನು ಕೇಳುವವರು. ಆಗಸ್ಟ್‌ನಲ್ಲಿ ಕುಬೊ ಲೋನ್ ಮೇಲೆ, ಅಂದರೆ ತಾತ್ಕಾಲಿಕ ಎರವಲಾಗಿ, ಯೊಕೊಹಾಮಾ ಎಫ್ ಮಾರಿನೊಸ್‌ಗೆ ಹೋದರು. 2019ರಲ್ಲಿ ಮರಳಿದಾಗ ಆಟವೇ ಬೇರೆಯಾಗಿತ್ತು. ಮೈಗಟ್ಟು ಬಂದಿತ್ತು, ಹಿಂದಕ್ಕೋಡುವ ಅಭ್ಯಾಸ ಬಂದಿತ್ತು. ಮೊದಲ ದರ್ಜೆಯಾದ ಜೆ1ರಲ್ಲಿ 13 ಪಂದ್ಯ, 4 ಗೋಲು. ತಂಡ ಪಟ್ಟಿಯ ಮೊದಲ ಸ್ಥಾನದಲ್ಲಿ. ಆ ಮೂರ್ನಾಲ್ಕು ತಿಂಗಳು ಜಪಾನಿನಲ್ಲಿ ಅವರ ಹೆಸರಿಗೂ ಆಟಕ್ಕೂ ಮೊದಲ ಸಲ ತಾಳೆಯಾಯಿತು. ಅಷ್ಟರಲ್ಲಿ ಅವರಿಗೆ 18 ತುಂಬಿತು.

ಮ್ಯಾಡ್ರಿಡ್, ಮತ್ತು ಮೂರು ಜಾಗಗಳ ಲೆಕ್ಕ

ಹುಟ್ಟುಹಬ್ಬ ಕಳೆದು ಹತ್ತನೇ ದಿನಕ್ಕೆ, 2019ರ ಜೂನ್ 14ರಂದು, ರಿಯಲ್ ಮ್ಯಾಡ್ರಿಡ್ ಕುಬೊ ಅವರನ್ನು ಸೇರಿಸಿಕೊಂಡಿರುವುದಾಗಿ ಪ್ರಕಟಿಸಿತು. ಬಾರ್ಸಿಲೋನಾ ಬೆಳೆಸಿದ ಹುಡುಗ, ಅವರ ಬದ್ಧವೈರಿಯ ಜೆರ್ಸಿಯಲ್ಲಿ. ಸುದ್ದಿ ಜಗತ್ತೆಲ್ಲ ಹರಡಿತು. ಅದೇ ತಿಂಗಳು ಎಲ್ ಸಾಲ್ವಡೋರ್ ವಿರುದ್ಧ ಜಪಾನಿನ ಹಿರಿಯರ ತಂಡಕ್ಕೆ ಪದಾರ್ಪಣೆ, ಆಮೇಲೆ ಬ್ರೆಜಿಲ್‌ನಲ್ಲಿ ಕೋಪಾ ಅಮೆರಿಕಾ. ಒಂದೇ ತಿಂಗಳಲ್ಲಿ ಒಬ್ಬ ಹದಿನೆಂಟರ ಹುಡುಗನಿಗೆ ಇಷ್ಟೆಲ್ಲ.

ಇಲ್ಲಿಂದ ಹೆಸರಿನ ಸ್ವಭಾವ ಬದಲಾಗುತ್ತದೆ. 1998ರಲ್ಲಿ ಹಿದೆತೋಶಿ ನಕಾತಾ ಇಟಲಿಯ ಪೆರುಜಾ ಸೇರಿದಂದಿನಿಂದ ಯುರೋಪಿಗೆ ಹೋದ ಪ್ರತಿ ಜಪಾನಿ ಆಟಗಾರನ ಬೆನ್ನಿಗೂ ಒಂದು ಅನುಮಾನ ಬಿದ್ದಿದೆ: ಆಡಲು ತಂದದ್ದೋ, ಜೆರ್ಸಿ ಮಾರಲು ತಂದದ್ದೋ? ನಕಾತಾ ಮೊದಲ ಲೀಗ್ ಪಂದ್ಯದಲ್ಲೇ ಯುವೆಂಟಸ್‌ಗೆ ಎರಡು ಗೋಲು ಹೊಡೆದು ಉತ್ತರ ಕೊಟ್ಟರು. ಆದರೂ ಅನುಮಾನ ಸಾಯಲಿಲ್ಲ, ಮುಂದಿನವರಿಗೆ ದಾಟುತ್ತ ಬಂತು. ಇದು ನನಗೆ ಸಿಟ್ಟು ತರಿಸುವ ವಿಷಯ. ಬ್ರೆಜಿಲ್‌ನ ಹುಡುಗನನ್ನು ಕೊಂಡರೆ ಅದು ಪ್ರತಿಭೆಯ ಶೋಧ, ಜಪಾನಿನ ಹುಡುಗನನ್ನು ಕೊಂಡರೆ ಅದು ಮಾರುಕಟ್ಟೆಯ ಶೋಧ ಎಂದು ನೋಡುವುದರಲ್ಲಿ ನ್ಯಾಯವಿಲ್ಲ.

ಕುಬೊ ರಿಯಲ್ ಮ್ಯಾಡ್ರಿಡ್ ಹಿರಿಯರ ತಂಡಕ್ಕೆ ಒಂದೇ ಒಂದು ಅಧಿಕೃತ ಪಂದ್ಯ ಆಡಲಿಲ್ಲ. ಅದಕ್ಕೆ ಆಟಕ್ಕೆ ಸಂಬಂಧವಿಲ್ಲದ ಒಂದು ಗಟ್ಟಿ ಕಾರಣವಿತ್ತು. ಸ್ಪೇನಿನ ಮೊದಲ ದರ್ಜೆಯ ಲೀಗಾದ ಲಾ ಲಿಗಾದ ನಿಯಮದಂತೆ ಯುರೋಪಿಯನ್ ಒಕ್ಕೂಟದ ಹೊರಗಿನ ಆಟಗಾರರು ಒಂದು ಕ್ಲಬ್ಬಿನಲ್ಲಿ ಮೂವರಿಗಿಂತ ಹೆಚ್ಚು ಇರುವಂತಿಲ್ಲ. ಆ ಮೂರೂ ಜಾಗಗಳಲ್ಲಿ ಬ್ರೆಜಿಲ್‌ನ ವಿನಿಸಿಯಸ್, ರೊಡ್ರಿಗೊ, ಮಿಲಿಟಾವ್ ಕೂತಿದ್ದರು. ಪಾಸ್‌ಪೋರ್ಟ್ ಒಂದು ಅಡ್ಡಗೋಡೆ. ಅದರಾಚೆ, ಆ ತಂಡಕ್ಕೆ ಆಗ ಬೇಕಾದ ಮಟ್ಟಕ್ಕೆ ಅವರಿನ್ನೂ ಏರಿರಲಿಲ್ಲ ಎಂಬುದೂ ನಿಜ.

ಹಾಗಾಗಿ ಲೋನ್ ಮೇಲೆ ಲೋನ್. 2019-20ರಲ್ಲಿ ಮಯೋರ್ಕಾ: 35 ಲೀಗ್ ಪಂದ್ಯ, 4 ಗೋಲು, ಚೆನ್ನಾಗಿಯೇ ಆಡಿದರು, ತಂಡ ಕೆಳದರ್ಜೆಗೆ ಇಳಿಯಿತು. 2020ರಲ್ಲಿ ಉನಾಯ್ ಎಮೆರಿ ಕೋಚ್ ಆಗಿದ್ದ ವಿಯಾರಿಯಲ್: ಬಹುಪಾಲು ಬೆಂಚಿನಲ್ಲಿ. ಅರ್ಧಕ್ಕೇ ಬಿಟ್ಟು 2021ರ ಜನವರಿಯಲ್ಲಿ ಹೆತಾಫೆ. ಮುಂದಿನ ಮೇ ತಿಂಗಳಲ್ಲಿ ವಿಯಾರಿಯಲ್ ಯುರೋಪಾ ಲೀಗ್ ಗೆದ್ದಿತು, ಆಗ ಕುಬೊ ಅಲ್ಲಿರಲಿಲ್ಲ. ಹೆತಾಫೆಯಲ್ಲಿ ಹೊಡೆದದ್ದು ಒಂದೇ ಗೋಲು, ಆದರೆ ಅದು ತಂಡವನ್ನು ಕೆಳದರ್ಜೆಯಿಂದ ಉಳಿಸಿದ ಗೋಲು. 2021-22ರಲ್ಲಿ ಮತ್ತೆ ಮಯೋರ್ಕಾ, ಮೊಣಕಾಲಿನ ಗಾಯ, ಇಡೀ ಲೀಗಿನಲ್ಲಿ ಒಂದು ಗೋಲು. ಅಟ್ಲೆಟಿಕೊ ಮ್ಯಾಡ್ರಿಡ್ ಅಂಗಳದಲ್ಲಿ 90 ನಿಮಿಷ ದಾಟಿದ ಮೇಲೆ ಬಂದ ಗೆಲುವಿನ ಗೋಲು.

ಮೂರು ಋತು, ಮೂರು ಕ್ಲಬ್ಬು, ಲಾ ಲಿಗಾದಲ್ಲಿ ಒಟ್ಟು 6 ಗೋಲು. ಜಪಾನಿನ ಹಿರಿಯರ ತಂಡದಲ್ಲೂ ಇದೇ ಕಥೆ: 2019ರ ಜೂನ್ 9ರಂದು ಪದಾರ್ಪಣೆ ಮಾಡಿದವರಿಗೆ ಮೊದಲ ಗೋಲು ಸಿಕ್ಕಿದ್ದು 2022ರ ಜೂನ್ 10ರಂದು, ಕೋಬೆಯಲ್ಲಿ ಘಾನಾ ವಿರುದ್ಧ. ಈ ಮೂರು ವರ್ಷ ಪತ್ರಿಕೆಗಳಲ್ಲಿ ಅವರ ಹೆಸರು ಒಂದು ವಾರವೂ ತಪ್ಪಲಿಲ್ಲ. ಬೆಂಚಿನಲ್ಲಿ ಕೂತರೂ ಸುದ್ದಿ, ಐದು ನಿಮಿಷ ಆಡಿದರೂ ಸುದ್ದಿ. ಪ್ರತಿ ಬೇಸಿಗೆಯ ಪ್ರಶ್ನೆ ‘ಮ್ಯಾಡ್ರಿಡ್‌ಗೆ ವಾಪಸ್ ಯಾವಾಗ?’ ಎಂಬುದು. ‘ಯಾವ ಕೋಚ್ ಅವರನ್ನು ಬಲಗಡೆ ಆಡಿಸಿ ಎಡಗಾಲಿನಿಂದ ಒಳಗೆ ನುಗ್ಗಲು ಬಿಡುತ್ತಾನೆ?’ ಎಂದು ಕೇಳಬೇಕಿತ್ತು. ಹೆಸರಿನ ಭಾರ ಪ್ರಶ್ನೆಯನ್ನೇ ತಪ್ಪಿಸಿತ್ತು.

ಪಕ್ಕದ ಬೀದಿಯ ಹುಡುಗ

ಕುಬೊ ಜನಪ್ರಿಯತೆಯನ್ನು ಅಳೆಯಬೇಕಾದರೆ ಪಕ್ಕದಲ್ಲಿ ಕಾವೊರು ಮಿತೊಮಾ ಅವರನ್ನು ನಿಲ್ಲಿಸಲೇಬೇಕು. 1997ರಲ್ಲಿ ಹುಟ್ಟಿದ ಮಿತೊಮಾ ಬೆಳೆದದ್ದೂ ಕವಾಸಾಕಿಯಲ್ಲೇ, ಅದೇ ಫ್ರೊಂತಾಲೆಯ ಮಕ್ಕಳ ತಂಡದಲ್ಲೇ. ಹೈಸ್ಕೂಲು ಮುಗಿದಾಗ ಕ್ಲಬ್ ಕರೆದರೂ ವೃತ್ತಿಪರ ಆಟಕ್ಕೆ ಹೋಗದೆ ತ್ಸುಕುಬಾ ವಿಶ್ವವಿದ್ಯಾಲಯ ಸೇರಿದರು, ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಮುನ್ನುಗ್ಗುವ ಡ್ರಿಬ್ಲಿಂಗ್ ಬಗ್ಗೆಯೇ ಪದವಿ ಪ್ರಬಂಧ ಬರೆದರು. ಕುಬೊ ರಿಯಲ್ ಮ್ಯಾಡ್ರಿಡ್ ಸೇರಿದ ದಿನ ತನಗಿಂತ ನಾಲ್ಕು ವರ್ಷ ದೊಡ್ಡವರಾದ ಮಿತೊಮಾ ಇನ್ನೂ ಕಾಲೇಜು ವಿದ್ಯಾರ್ಥಿ. 2020ರಲ್ಲಿ ಜೆ1ರ ಮೊದಲ ಋತುವಿನಲ್ಲೇ 13 ಗೋಲು ಹೊಡೆದಾಗ ಜಪಾನ್ ಅವರತ್ತ ತಿರುಗಿತು. ಒಬ್ಬರಿಗೆ ಹೆಸರು ಮೊದಲು ಬಂತು, ಇನ್ನೊಬ್ಬರಿಗೆ ಆಟ ಮೊದಲು ಬಂತು.

2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇಬ್ಬರೂ ಒಂದೇ ತಂಡದಲ್ಲಿದ್ದರು. ಕುಬೊ ಗುಂಪು ಹಂತದ ಮೂರೂ ಪಂದ್ಯಗಳಲ್ಲಿ, ದಕ್ಷಿಣ ಆಫ್ರಿಕಾ, ಮೆಕ್ಸಿಕೊ, ಫ್ರಾನ್ಸ್ ವಿರುದ್ಧ, ಗೋಲು ಹೊಡೆದರು. ಪ್ರೇಕ್ಷಕರಿಗೆ ಪ್ರವೇಶವಿಲ್ಲದ ಖಾಲಿ ಅಂಗಳಗಳು. ಸೆಮಿಫೈನಲ್‌ನಲ್ಲಿ ಸ್ಪೇನ್ ಹೆಚ್ಚುವರಿ ಸಮಯದಲ್ಲಿ ಒಂದು ಗೋಲಿನಿಂದ ಗೆದ್ದಿತು. ಕಂಚಿನ ಪಂದ್ಯದಲ್ಲಿ ಮೆಕ್ಸಿಕೊ 3-1. ಜಪಾನಿನ ಆ ಒಂದು ಗೋಲು ಮಿತೊಮಾ ಅವರದ್ದು. ಪಂದ್ಯ ಮುಗಿದ ಮೇಲೆ ಕುಬೊ ಹುಲ್ಲಿನ ಮೇಲೆ ಬಿದ್ದು ಬಿಕ್ಕಿಬಿಕ್ಕಿ ಅತ್ತದ್ದನ್ನು ದೇಶವೆಲ್ಲ ಟಿವಿಯಲ್ಲಿ ಕಂಡಿತು. ಅಲ್ಲಿಯವರೆಗೆ ಸೂಟಿಯಾಗಿ, ಖಡಕ್ಕಾಗಿ ಮಾತಾಡುವ ಹುಡುಗ ಎಂದು ದೂರ ನಿಂತಿದ್ದ ಎಷ್ಟೋ ಜನರಿಗೆ ಅವರು ಹತ್ತಿರವಾದದ್ದು ಆ ದಿನ ಎಂದು ನನಗೆ ತೋರುತ್ತದೆ.

ಮುಂದಿನ ವರ್ಷ ಕತಾರ್ ವಿಶ್ವಕಪ್. ಕುಬೊ ಜರ್ಮನಿ ವಿರುದ್ಧ ಆರಂಭದಿಂದ ಆಡಿದರು, ವಿರಾಮಕ್ಕೆ ಹೊರಬಂದರು. ಜಪಾನ್ ಎರಡನೇ ಅರ್ಧದಲ್ಲಿ ತಿರುಗಿಬಿದ್ದು 2-1ರಿಂದ ಗೆದ್ದಿತು, ಮೊದಲ ಗೋಲು ದೋಆನ್ ಅವರದ್ದು. ಡಿಸೆಂಬರ್ 1ರಂದು ಸ್ಪೇನ್ ವಿರುದ್ಧ ಮತ್ತೆ ಆರಂಭದಿಂದ ಆಡಿದರು, ಮತ್ತೆ ವಿರಾಮಕ್ಕೆ ಹೊರಗೆ. ಅವರ ಜಾಗಕ್ಕೆ ಇಳಿದದ್ದು ದೋಆನ್. ಅದೇ ವಿರಾಮದಲ್ಲಿ ಮಿತೊಮಾ ಕೂಡ ಇಳಿದರು. ಮೂರನೇ ನಿಮಿಷಕ್ಕೆ ದೋಆನ್ ಗೋಲು. ಅದಾಗಿ ಮೂರೇ ನಿಮಿಷಕ್ಕೆ ಗೆರೆ ದಾಟಿತೆಂದೇ ಕಂಡ ಚೆಂಡನ್ನು ಮಿತೊಮಾ ಒಳಗೆಳೆದು ಕೊಟ್ಟರು, ಆವೊ ತನಾಕಾ ಗುರಿ ಮುಟ್ಟಿಸಿದರು. ವಿಎಆರ್ (ವಿಡಿಯೊ) ಪರಿಶೀಲನೆಯಲ್ಲಿ ಚೆಂಡಿನ ಕೂದಲೆಳೆಯಷ್ಟು ಭಾಗ ಇನ್ನೂ ಗೆರೆಯ ಮೇಲಿತ್ತು. ‘ಮಿತೊಮಾರ ಒಂದು ಮಿಲಿಮೀಟರ್’ ಜಪಾನಿನಲ್ಲಿ ಮನೆಮಾತಾಯಿತು. ಮುಂದೆ ಕ್ರೊಯೇಷಿಯಾ ಪಂದ್ಯಕ್ಕೆ ಕುಬೊ ಅನಾರೋಗ್ಯದಿಂದ ಇಳಿಯಲೇ ಇಲ್ಲ.

ಹೀಗೆ, ಕ್ರೀಡೆ ನೋಡದವರೂ ಟಿವಿ ಮುಂದೆ ಕೂತ ಎರಡು ರಾತ್ರಿಗಳ ಗೆಲುವಿನ ಹೊತ್ತಿನಲ್ಲಿ ಕುಬೊ ಅಂಗಳದಲ್ಲಿರಲಿಲ್ಲ. ಕೋಚ್ ಹಾಜಿಮೆ ಮೊರಿಯಾಸು ಮೊದಲರ್ಧ ತಡೆದು ನಿಲ್ಲುವುದಕ್ಕೆ, ಎರಡನೇ ಅರ್ಧ ನುಗ್ಗುವುದಕ್ಕೆ ಎಂದು ಆಟವನ್ನು ಎರಡು ತುಂಡು ಮಾಡಿದ್ದರು. ಕುಬೊ ಪಾಲಿಗೆ ಬಂದದ್ದು ಮೊದಲ ತುಂಡು, ಚೆಂಡಿನ ಹಿಂದೆ ಓಡುವ ತುಂಡು. ಆ ಓಟಕ್ಕೂ ಗೆಲುವಿನಲ್ಲಿ ಪಾಲಿದೆ. ಆದರೆ ಜನರ ನೆನಪಿನಲ್ಲಿ ಉಳಿಯುವುದು ಗೋಲಿನ ಕ್ಷಣ. ಹತ್ತು ವರ್ಷ ಸುದ್ದಿಯಲ್ಲಿದ್ದ ಹೆಸರನ್ನು ಒಂದು ವಾರದಲ್ಲಿ ಮಿತೊಮಾ, ದೋಆನ್ ಹಿಂದೆ ಹಾಕಿದರು.

ಸಾನ್ ಸೆಬಾಸ್ಟಿಯನ್

ಈಗ ಪ್ರಕರಣದ ನಡುಭಾಗಕ್ಕೆ ಬರುತ್ತೇನೆ. 2022ರ ಜುಲೈನಲ್ಲಿ ರಿಯಲ್ ಸೊಸಿಯೆದಾದ್ ಕುಬೊ ಅವರನ್ನು ಕೊಂಡಿತು. ಲೋನ್ ಅಲ್ಲ, ಪೂರ್ತಿ ಖರೀದಿ. ಮೊತ್ತ ಸುಮಾರು 65 ಲಕ್ಷ ಯೂರೊ ಎಂದು ವರದಿಯಾಯಿತು. ರಿಯಲ್ ಮ್ಯಾಡ್ರಿಡ್ ಮುಂದಿನ ಮಾರಾಟದಲ್ಲಿ ಅರ್ಧ ಪಾಲು ಇಟ್ಟುಕೊಂಡಿತೆಂದೂ ಬಂತು. ಒಂದು ಕ್ಲಬ್ ತನ್ನನ್ನು ಮರಳಿಸಬೇಕಿಲ್ಲದ ಆಟಗಾರನಾಗಿ ನೋಡಿದ್ದು ಸ್ಪೇನಿನಲ್ಲಿ ಇದೇ ಮೊದಲು.

ಕ್ಲಬ್ಬಿನ ಸ್ವಭಾವ ಇಲ್ಲಿ ಮುಖ್ಯ. ಸ್ಪೇನಿನ ಬಾಸ್ಕ್ ನಾಡಿನ ಗಿಪುಸ್ಕೋವಾ ಪ್ರಾಂತ್ಯದ ತಂಡ ಅದು. 1989ರಲ್ಲಿ ಐರ್ಲೆಂಡಿನ ಜಾನ್ ಆಲ್ಡ್ರಿಜ್ ಬರುವವರೆಗೆ ದಶಕಗಳ ಕಾಲ ಬಾಸ್ಕ್ ಆಟಗಾರರನ್ನಷ್ಟೇ ಆಡಿಸುತ್ತಿತ್ತು. ಇವತ್ತಿಗೂ ಸುಬಿಯೆತಾ ಅಕಾಡೆಮಿಯಲ್ಲಿ ಬೆಳೆದವರೇ ತಂಡದ ಬೆನ್ನೆಲುಬು. ಆಗಿನ ಕೋಚ್ ಇಮಾನೊಲ್ ಅಲ್ಗುವಾಸಿಲ್ ಪಕ್ಕದ ಓರಿಯೊ ಊರಿನವರು, ಅದೇ ಕ್ಲಬ್ಬಿಗೆ ಆಡಿದ್ದವರು. ಇಂಥಲ್ಲಿ ಹೊರಗಿನವನನ್ನು ಜಾಹೀರಾತಿಗಾಗಿ ತಂದರೆ ಜನ ಒಪ್ಪುವುದಿಲ್ಲ. ಒಪ್ಪಿಕೊಂಡರೆ ಪೂರ್ತಿ ಒಪ್ಪುತ್ತಾರೆ. ಅದೇ ಪ್ರಾಂತ್ಯದ ಏಬಾರ್ ಎಂಬ ಸಣ್ಣ ಊರಿನ ತಂಡದಲ್ಲಿ ತಕಾಶಿ ಇನುಯಿ ಕೆಲವು ವರ್ಷ ಮೊದಲೇ ಆಡಿ ಪ್ರೀತಿ ಗಳಿಸಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಜಪಾನಿ ಆಟಗಾರನೆಂದರೆ ಆ ಸೀಮೆಗೆ ಹೊಸತಾಗಿರಲಿಲ್ಲ.

ಮೊದಲ ಲೀಗ್ ಪಂದ್ಯ ಕಾದಿಸ್‌ನಲ್ಲಿ. 1-0 ಗೆಲುವು, ಗೋಲು ಕುಬೊ. ತಂಡದ ಮುಖ್ಯ ಸ್ಟ್ರೈಕರ್ ಅಲೆಕ್ಸಾಂಡರ್ ಇಸಾಕ್ ಅದೇ ಆಗಸ್ಟ್‌ನಲ್ಲಿ ನ್ಯೂಕಾಸಲ್‌ಗೆ ಹೋದರು, ಇನ್ನೊಬ್ಬ ಮುಂಚೂಣಿ ಆಟಗಾರ ಮಿಕೆಲ್ ಒಯಾರ್ಸಾಬಲ್ ಗಾಯದಿಂದ ಹೊರಗಿದ್ದರು. ಅಲ್ಗುವಾಸಿಲ್ ಕುಬೊ ಅವರನ್ನು ಗೆರೆಗೆ ಅಂಟಿಸದೆ ಸ್ಟ್ರೈಕರ್ ಪಕ್ಕದಲ್ಲಿ ಆಡಿಸಿದರು. ಹಿಂದೆ ದಾವಿದ್ ಸಿಲ್ವಾ, ಮಿಕೆಲ್ ಮೆರಿನೊ, ಮಾರ್ಟಿನ್ ಸುಬಿಮೆಂಡಿ, ಬ್ರಾಯ್ಸ್ ಮೆಂಡೆಸ್. ಚೆಂಡು ಕಳೆದ ಕೂಡಲೇ ಎದುರಾಳಿಯ ಮೇಲೆ ಮುಗಿಬೀಳುವುದು ಆ ತಂಡದ ಮೊದಲ ಪಾಠ. ಹಸೆಗಾವಾ ಕಲಿಸಿದ್ದು ಇಲ್ಲಿ ಫಲಕೊಟ್ಟಿತು. ಒಲಿಂಪಿಕ್ಸ್‌ನಲ್ಲಿ ಅವರನ್ನು ಸೋಲಿಸಿದ ಸ್ಪೇನ್ ತಂಡದಲ್ಲಿದ್ದ ಮೆರಿನೊ, ಸುಬಿಮೆಂಡಿ, ಒಯಾರ್ಸಾಬಲ್ ಈಗ ಅವರ ಜೊತೆಗಾರರು.

ಲೆಕ್ಕ ನೋಡಿ. ಹಿಂದಿನ ಮೂರು ಋತುಗಳಲ್ಲಿ ಒಟ್ಟು 6 ಗೋಲು, ಇಲ್ಲಿ ಮೊದಲ ಋತುವಿನಲ್ಲೇ 9. ಅವರು ಗೋಲು ಹೊಡೆದ ಒಂಬತ್ತೂ ಪಂದ್ಯಗಳನ್ನು ತಂಡ ಗೆದ್ದಿತು. ಪಕ್ಕದ ಬಿಲ್ಬಾವೊದ ಅಥ್ಲೆಟಿಕ್ ವಿರುದ್ಧದ ಡರ್ಬಿಯಲ್ಲಿ ಗೋಲು, 2023ರ ಮೇನಲ್ಲಿ ತಮ್ಮನ್ನು ಆಡಿಸದೇ ಕಳಿಸಿದ್ದ ರಿಯಲ್ ಮ್ಯಾಡ್ರಿಡ್ ವಿರುದ್ಧ ಗೋಲು. ತಂಡ 71 ಅಂಕಗಳೊಂದಿಗೆ ನಾಲ್ಕನೇ ಸ್ಥಾನಕ್ಕೆ ಬಂದು ಹತ್ತು ವರ್ಷಗಳ ನಂತರ ಚಾಂಪಿಯನ್ಸ್ ಲೀಗ್ ಪ್ರವೇಶಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಲಾ ಲಿಗಾದ ತಿಂಗಳ ಆಟಗಾರ ಪ್ರಶಸ್ತಿ ಅವರಿಗೆ ಬಂತು, ಜಪಾನಿಯೊಬ್ಬರಿಗೆ ಮೊದಲ ಸಲ. ಬಲಗಡೆಯಿಂದ ಎಡಗಾಲಲ್ಲಿ ಚೆಂಡು ತಳ್ಳಿಕೊಂಡು ಹೊರಟರೆ ಅಂಗಳದ ಜನ ಎದ್ದು ನಿಲ್ಲುತ್ತಿದ್ದರು. ಊರು ಅವರನ್ನು ‘ತಾಕೆ’ ಎಂದು ಕರೆಯಿತು.

ಇನ್ನೊಂದು ಸಂಗತಿ ಸೇರಿಸಲೇಬೇಕು. ಬಾಲ್ಯ ಬಾರ್ಸಿಲೋನಾದಲ್ಲಿ ಕಳೆದದ್ದರಿಂದ ಕುಬೊ ಸ್ಪ್ಯಾನಿಷ್ ಅನ್ನು ಅಲ್ಲಿನವರಂತೆಯೇ ಮಾತಾಡುತ್ತಾರೆ. ಪಂದ್ಯ ಮುಗಿದ ಕೂಡಲೇ ಮೈಕ್ ಮುಂದೆ ನಿಂತು, ದುಭಾಷಿಯಿಲ್ಲದೆ, ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳುತ್ತಾರೆ. ಯುರೋಪಿಗೆ ಹೋದ ಎಷ್ಟೋ ಏಷ್ಯಾದ ಆಟಗಾರರು ಅಂಗಳದಲ್ಲಿ ಕಾಣುತ್ತಾರೆ, ಮಾತಿನಲ್ಲಿ ಕಾಣುವುದಿಲ್ಲ. ಕುಬೊ ಎರಡರಲ್ಲೂ ಕಂಡರು. ಅಂಕಿಅಂಶದಲ್ಲಿ ಬಾರದ ಈ ಕಾರಣಕ್ಕೆ ನಾನು ತುಂಬಾ ತೂಕ ಕೊಡುತ್ತೇನೆ.

ಎರಡು ಊರು, ಎರಡು ಅಳತೆ

ನೇರ ಮಾತಿಗೆ ಬೆಲೆಯೂ ಇತ್ತು. 2024ರ ಜನವರಿಯಲ್ಲಿ ಏಷ್ಯಾ ಕಪ್ ಬಂದಾಗ, ಋತುವಿನ ನಡುವೆ ಈ ಟೂರ್ನಿ ನಡೆಯುವುದು ಬೇಸರದ ಸಂಗತಿ, ತನಗೆ ಸಂಬಳ ಕೊಡುವುದು ಕ್ಲಬ್ ಎಂಬರ್ಥದ ಮಾತನ್ನು ಕುಬೊ ಆಡಿದರು. ಸಾನ್ ಸೆಬಾಸ್ಟಿಯನ್‌ನಲ್ಲಿ ಇದು ನಿಷ್ಠೆಯಾಗಿ ಕೇಳಿಸಿತು. ಜಪಾನಿನಲ್ಲಿ ಹಲವರಿಗೆ ಇದು ದೇಶದ ಜೆರ್ಸಿಗೆ ಕೊಡಬೇಕಾದ ಗೌರವದ ಕೊರತೆಯಾಗಿ ಕೇಳಿಸಿತು. ಜಪಾನ್ ಕ್ವಾರ್ಟರ್‌ ಫೈನಲ್‌ನಲ್ಲಿ ಇರಾನ್‌ಗೆ 2-1ರಿಂದ ಸೋತಿತು. ಒಂದೇ ಮಾತು ಒಂದೂರಲ್ಲಿ ಪ್ರೀತಿ ಹೆಚ್ಚಿಸಿ ಇನ್ನೊಂದೂರಲ್ಲಿ ಕಡಿಮೆ ಮಾಡಿತು. ಆಟಗಾರನೊಬ್ಬನ ದಣಿವಿನ ಬಗ್ಗೆ ಆತನೇ ಮಾತಾಡುವ ಹಕ್ಕನ್ನು ನಾನು ಗೌರವಿಸುತ್ತೇನೆ. ಮಂಡಿಯೂ ಸ್ನಾಯುವೂ ಅವರದ್ದೇ.

ಮಾರುಕಟ್ಟೆ ಮಾತ್ರ ಎರಡೂ ಊರನ್ನು ಜೋಡಿಸಿತು. ಸ್ಪೇನಿನ ರಾತ್ರಿ 9ರ ಪಂದ್ಯ ಚಳಿಗಾಲದಲ್ಲಿ ಜಪಾನಿಗೆ ಬೆಳಗಿನ 5 ಗಂಟೆ. ಮಧ್ಯಾಹ್ನ 2ರ ಪಂದ್ಯವಾದರೆ ರಾತ್ರಿ 10, ಊಟ ಮುಗಿಸಿ ನೋಡುವ ಹೊತ್ತು. ರಿಯಲ್ ಸೊಸಿಯೆದಾದ್ ಪಂದ್ಯಗಳು 2 ಗಂಟೆಗೆ ಹೆಚ್ಚಾಗಿ ಬೀಳತೊಡಗಿದಾಗ ಸ್ಪೇನಿನ ಪತ್ರಿಕೆಗಳು ಅದನ್ನು ಕುಬೊ ಪ್ರಭಾವ ಎಂದೇ ಬರೆದವು, ಮಧ್ಯಾಹ್ನದ ಊಟ ಬಿಟ್ಟು ಅಂಗಳಕ್ಕೆ ಓಡಬೇಕಾದ ಊರಿನ ಅಭಿಮಾನಿಗಳು ಗೊಣಗಿದರು. (ಅದೇ 2 ಗಂಟೆ ನಮಗೆ ಚಳಿಗಾಲದಲ್ಲಿ ಸಂಜೆ 6.30. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತು ಲಾ ಲಿಗಾ ನೋಡುವವರಿಗೆ ಬಾರ್ಸಿಲೋನಾ ಬಿಟ್ಟು ಸೊಸಿಯೆದಾದ್ ಪರಿಚಯವಾಗಲು ಈ ಹೊತ್ತಿನ ಅನುಕೂಲವೂ ಒಂದು ಕಾರಣ.) 2024ರಲ್ಲಿ ತಂಡ ಜಪಾನಿಗೇ ಹೋಗಿ ಟೋಕಿಯೊ ವೆರ್ಡಿ, ಗಂಬಾ ಒಸಾಕಾ ವಿರುದ್ಧ ಆಡಿತು. ಜೆರ್ಸಿ ಮಾರಾಟದ ಅನುಮಾನಕ್ಕೆ ಇಲ್ಲೊಂದು ನೇರ ಉತ್ತರವಿದೆ: ಮಾರುಕಟ್ಟೆ ಬಂದದ್ದು ನಿಜ, ಆದರೆ ಇಲ್ಲಿ ಅದು ಗೋಲುಗಳ ಹಿಂದೆ ಬಂತು.

ಜಪಾನಿನ ಒಳಗೆ ಫುಟ್‌ಬಾಲಿಗರ ಹೆಸರಿಗೆ ಒಂದು ಮೇಲ್ಛಾವಣಿ ಇದೆ, ಅದರ ಹೆಸರು ಬೇಸ್‌ಬಾಲ್. 2025ರ ಮಾರ್ಚ್ 18, 19ರಂದು ಶೊಹೆ ಓತಾನಿ ಅವರ ಲಾಸ್ ಏಂಜಲಿಸ್ ಡಾಜರ್ಸ್ ತಂಡ ಟೋಕಿಯೊ ಡೋಮ್‌ನಲ್ಲಿ ಅಮೆರಿಕದ ಲೀಗಿನ ಋತುವನ್ನು ಆರಂಭಿಸಿತು. ಮರುದಿನ, 20ರಂದು, ಸೈತಾಮಾದಲ್ಲಿ ಜಪಾನ್ ಫುಟ್‌ಬಾಲ್ ತಂಡ ಬಹ್ರೇನ್ ಅನ್ನು 2-0ಯಿಂದ ಸೋಲಿಸಿ, ಆತಿಥೇಯರನ್ನು ಬಿಟ್ಟರೆ 2026ರ ವಿಶ್ವಕಪ್‌ಗೆ ಅರ್ಹತೆ ಪಡೆದ ಮೊದಲ ದೇಶವಾಯಿತು. ಮೊದಲ ಗೋಲಿಗೆ ದಾಯಿಚಿ ಕಮಾದಾಗೆ ಪಾಸು ಕೊಟ್ಟದ್ದು ಕುಬೊ, ಎರಡನೇ ಗೋಲು ಹೊಡೆದದ್ದೂ ಕುಬೊ. ಈ ಸಲ ಗೆಲುವಿನ ಹೊತ್ತಿಗೆ ಅವರು ಅಂಗಳದಲ್ಲೇ ಇದ್ದರು. ಆದರೂ ಆ ವಾರ ದೇಶದ ಕಣ್ಣು ಹೆಚ್ಚಾಗಿ ಎತ್ತ ನೆಟ್ಟಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್‌ನಲ್ಲಿ ಸುಯಿತಾದಲ್ಲಿ ಇಂಡೋನೇಷ್ಯಾ ವಿರುದ್ಧ ನಾಯಕನ ಪಟ್ಟಿ ಕಟ್ಟಿಕೊಂಡು ಇಳಿದ ಕುಬೊ ಒಂದು ಗೋಲು ಹೊಡೆದರು, ತಂಡ 6-0ಯಿಂದ ಗೆದ್ದಿತು.

ಮೆಸ್ತಾಯಾ

ಜನಪ್ರಿಯತೆಯ ಲೆಕ್ಕದಲ್ಲಿ ಅವಮಾನವನ್ನೂ ಹಿಡಿಯಬೇಕು. 2025ರ ಜನವರಿಯಲ್ಲಿ ವೆಲೆನ್ಸಿಯಾದ ಮೆಸ್ತಾಯಾ ಅಂಗಳದಲ್ಲಿ, ಗೆರೆಯಾಚೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದ ಕುಬೊ ಅವರತ್ತ ಕೆಲವು ಪ್ರೇಕ್ಷಕರು ಕಣ್ಣಿನ ಆಕಾರವನ್ನು ಹೀಯಾಳಿಸಿ ಜನಾಂಗೀಯ ಬೈಗುಳ ಕೂಗಿದರು. ಅದು ದೃಶ್ಯದಲ್ಲಿ ದಾಖಲಾಯಿತು. ಸೊಸಿಯೆದಾದ್ ಬಹಿರಂಗವಾಗಿ ಖಂಡಿಸಿತು. ಸ್ಪೇನಿನಲ್ಲಿ ಒಟ್ಟು ಸುಮಾರು ಒಂಬತ್ತು ವರ್ಷ ಬದುಕಿ, ಅವರ ಭಾಷೆಯನ್ನು ಅವರಷ್ಟೇ ಚೆನ್ನಾಗಿ ಆಡುವವನಿಗೆ ಈ ಮಾತು. ಬೈದವರು ಕೂಗಿದ್ದು ಅವನಿಗೆ ಪದಪದವೂ ಅರ್ಥವಾಗುತ್ತದೆ. ನನ್ನ ಮನಸ್ಸಿಗೆ ಹೆಚ್ಚು ನೋವಾದದ್ದು ಅದಕ್ಕೆ.

ಆ ಋತು ತಂಡಕ್ಕೂ ಕಷ್ಟದ್ದು. ಮೆರಿನೊ ಮೊದಲೇ ಆರ್ಸೆನಲ್‌ಗೆ ಹೋಗಿದ್ದರು, ರೋಬಿನ್ ಲೆ ನೋರ್ಮಾಂಡ್ ಅಟ್ಲೆಟಿಕೊಗೆ. ಸೊಸಿಯೆದಾದ್ 11ನೇ ಸ್ಥಾನಕ್ಕೆ ಜಾರಿತು, ಕುಬೊ ಲೀಗಿನಲ್ಲಿ ಹೊಡೆದದ್ದು 5 ಗೋಲು. ಋತುವಿನ ಕೊನೆಗೆ ಅಲ್ಗುವಾಸಿಲ್ ಹುದ್ದೆ ಬಿಟ್ಟರು, ಸುಬಿಮೆಂಡಿಯೂ ಆರ್ಸೆನಲ್ ಸೇರಿದರು. ಕುಬೊ ಇಂಗ್ಲೆಂಡಿಗೆ ಹೋಗುತ್ತಾರೆಂಬ ಸುದ್ದಿ ಆ ಬೇಸಿಗೆಯಲ್ಲೂ ಎದ್ದಿತು. 6 ಕೋಟಿ ಯೂರೊ ಎಂದು ಹೇಳಲಾಗುವ ಬಿಡುಗಡೆ ಮೊತ್ತ (ಒಪ್ಪಂದದಿಂದ ಬಿಡಿಸಿಕೊಳ್ಳಲು ಕೊಡಬೇಕಾದ ಹಣ) ಕೊಡಲು ಯಾರೂ ಮುಂದೆ ಬರಲಿಲ್ಲ. 2029ರವರೆಗೆ ಒಪ್ಪಂದವಿದ್ದ ಅವರು ಅಲ್ಲೇ ಉಳಿದರು. ಆಗಸ್ಟ್ 16ರಂದು ಹೊಸ ಋತುವಿನ ಮೊದಲ ಪಂದ್ಯ ಅದೇ ಮೆಸ್ತಾಯಾದಲ್ಲಿ ಬಿತ್ತು. ವೆಲೆನ್ಸಿಯಾ ಮುಂದಾಯಿತು. ಕೆಲವೇ ನಿಮಿಷಗಳಲ್ಲಿ ಕುಬೊ ಹೊಡೆದ ಚೆಂಡು ಬಲೆ ಸೇರಿ ಪಂದ್ಯ 1-1ಕ್ಕೆ ಸಮವಾಯಿತು.